ಕರೆಂಟ್ ಹೋದಾಗ ಅಳುತ್ತಿದ್ದ ಮಗು

ಔಷಧಿ ಅಂಗಡಿಗೆ ಜಗಳಕ್ಕೆ ಹೋದವಳು ನಾನು. ಮಗಳು ಬೇಡ ಬೇಡ ಅಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ!

ಅವಳು ಬಾಣಂತನಕ್ಕೆ ಬಂದು ಮೂರು ತಿಂಗಳಾಗಿತ್ತು. ಮಗುವಿಗೆ ಚುಚ್ಚುಮದ್ದು ಹಾಕಿಸಿದ ಮರುದಿನ ಮೈ ಕಾದಿತ್ತು. ಬ್ಯಾಟರಿಯ ಹೊಸ ಥರ್ಮಾಮೀಟರ್ ತಂದೆವು. ಕಂಕುಳಲ್ಲಿ ಇಟ್ಟು, ಬೀಪ್ ಬೀಪ್ ಎಂದ ಮೇಲೆ ತೆಗೆದು ನೋಡಿ ಎಂದು ಅಂಗಡಿಯವರು ಹೇಳಿಕೊಟ್ಟಿದ್ದರು. ಇಟ್ಟೆವು, ಕಾದೆವು. ಮಗು ಕೈ ಕೊಡವಿ ರಂಪ ಮಾಡಿತೇ ಹೊರತು ಆ ಕಡ್ಡಿ ಮಾತ್ರ ತುಟಿಪಿಟಕ್ ಎನ್ನಲಿಲ್ಲ. "ಅಮ್ಮಾ, ಇದು ಕೆಟ್ಟೋಗಿದೆ" ಎಂದಳು ಮಗಳು.

ನನಗೆ ಕೇಳಿಸಲಿಲ್ಲ ಅನ್ನುವುದು ದೊಡ್ಡ ಮಾತಲ್ಲ. ಮೂವತ್ತು ವರ್ಷದ ಹತ್ತಿರ ಪವರ್‌ಲೂಮ್ ಓಡಿಸಿದವಳು ನಾನು. ಕುಕ್ಕರ್ ಕೂಗಿದ್ದು ತಿಳಿಯದೆ ಎಷ್ಟು ಸಲ ಬೇಳೆ ಸೀಯಿಸಿದ್ದೇನೋ ಆ ಪಾತ್ರೆಗೇ ಗೊತ್ತು. ಆದರೆ ಮಗಳಿಗೆ ಇಪ್ಪತ್ತೇಳು. ಒಂದು ಗಜ ಬಟ್ಟೆ ನೇಯ್ದವಳಲ್ಲ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಂಗಿಗಳ ಅಳತೆ ಬಿಡಿಸುವ ಕೆಲಸ ಅವಳದು. ಅವಳಿಗೇ ಕೇಳಿಸಲಿಲ್ಲ ಎಂದರೆ ಥರ್ಮಾಮೀಟರಿಗೇ ಬಾಯಿ ಬಿದ್ದುಹೋಗಿದೆ ಎಂದು ತಾನೇ ಅರ್ಥ? ಆ ನಂಬಿಕೆಯ ಮೇಲೆ ಕೊಡೆ ಬಿಚ್ಚಿಕೊಂಡು ಹೊರಟೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಮಗಳೂ ಹಿಂದೆ ಬಂದಳು.

ಅಂಗಡಿಯವರು ವಯಸ್ಸಾದವರು, ಒಳ್ಳೆಯ ಮನುಷ್ಯ. ನಾನು ಅಂದದ್ದನ್ನೆಲ್ಲ ಅನ್ನಿಸಿಕೊಂಡು, ಕಡ್ಡಿಯನ್ನು ಒರೆಸಿ ತಮ್ಮ ಕಂಕುಳಿಗೇ ಸಿಕ್ಕಿಸಿಕೊಂಡು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಹುಬ್ಬು ಎತ್ತಿ ನನ್ನನ್ನು ನೋಡಿದರು. "ಕೇಕ್ಕುತುಂಗಳಾ?" ಎಂದರು. ಕೇಳಿಸುತ್ತಿದೆಯಾ ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಮಗಳ ಕಡೆ ತಿರುಗಿದರು. ಅವಳು ನನ್ನ ಮುಖ ನೋಡಿದಳು. ಹಿಂದೆ ಕೆಮ್ಮಿನ ಔಷಧಿಗೆ ನಿಂತಿದ್ದ ಹೆಂಗಸೊಬ್ಬಳು, "ಅದು ಅಷ್ಟೊಂದು ಕೂಗ್ತಾ ಇದೆಯಲ್ಲಮ್ಮಾ!" ಎಂದು ತಮಿಳಿನಲ್ಲಿ ಅಂದಳು.

ಅಂಗಡಿಯವರು ಅದನ್ನು ಮಗಳ ಕಿವಿಯ ಹತ್ತಿರವೇ ಹಿಡಿದರು. "ಹೂಂ... ಏನೋ ಸಣ್ಣಗೆ" ಎಂದಳು. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಡಬ್ಬಿಯೊಳಗೆ ಕಡ್ಡಿಯನ್ನು ನಿಧಾನವಾಗಿ ಇಟ್ಟು, ಮೆಷಿನ್ನು ಸರಿಯಾಗಿದೆ, ಮಗಳ ಕಿವಿ ಒಂದು ಸಲ ತೋರಿಸಿ ಎಂದರು. "ನಿಮ್ಮ ಕಿವಿ ತೋರಿಸ್ಕೊಳ್ಳಿ!" ಎಂದು ಹೇಳಿ ನಾನು ಮೆಟ್ಟಿಲಿಳಿದು ಬಂದೆ. ಇವತ್ತಿಗೂ ಆ ಅಂಗಡಿಯ ಮುಂದೆ ಹೋಗಲು ನಾಚಿಕೆ. ತಲೆನೋವಿನ ಮುಲಾಮು ಬೇಕಾದರೂ ಇನ್ನೊಂದು ಬೀದಿಗೆ ಹೋಗುತ್ತೇನೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಇನ್ನೆರಡು ತಿಂಗಳಿಗೆ ಅವಳ ರಜೆ ಮುಗಿಯುತ್ತಿತ್ತು. ಮಗುವನ್ನು ನನ್ನ ಹತ್ತಿರ ಬಿಟ್ಟು ಅವಳು ಕೆಲಸಕ್ಕೆ ಹೋಗುವುದು, ಶನಿವಾರ ಸಂಜೆ ಬಂದು ಮಗುವಿನ ಜೊತೆ ಇದ್ದು ಹೋಗುವುದು ಎಂದು ಮನೆಯಲ್ಲಿ ಮಾತಾಗಿತ್ತು. ಮೊಮ್ಮಗಳು ನನ್ನ ಕೈಯಲ್ಲಿ ಬೆಳೆಯುತ್ತಾಳೆ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ಮಾತು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ ಆ ಬಿಸಿಲಲ್ಲೇ ಶುರುವಾಯಿತು.

ಯಾಕೆ ಹೆದರಿಕೆ ಎಂದರೆ ಹಿಂದಿನದನ್ನು ಹೇಳಬೇಕು.

ನಾನು ಕೊಳ್ಳೇಗಾಲದ ಕಡೆಯವಳು. ನಮ್ಮ ತವರಲ್ಲಿ ಇದ್ದದ್ದು ಕೈಮಗ್ಗ. ಅದರ ಸದ್ದಿಗೆ ಮನೆಯ ಬೆಕ್ಕೂ ತಲೆಯೆತ್ತುತ್ತಿರಲಿಲ್ಲ. ತಮಿಳುನಾಡಿನ ಸೋಮನೂರಿಗೂ ಪಲ್ಲಡಕ್ಕೂ ನಡುವಿನ ಈ ಊರಿಗೆ ಕೊಟ್ಟರು. ಗಂಡನ ಮನೆಯವರು ಎಷ್ಟೋ ತಲೆಮಾರಿನಿಂದ ಇಲ್ಲಿಯವರೇ, ನೇಯ್ಗೆಯವರೇ. ಮನೆಯೊಳಗೆ ಕನ್ನಡ, ಆದರೆ ತಮಿಳಿನ ರಾಗದ ಕನ್ನಡ. ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಲು ಯಾರಿಗೂ ಬಾರದು. ಮನೆಗೆ ಒಂದೇ ಗೋಡೆ ಅಂಟಿಕೊಂಡು ಶೆಡ್ಡು, ಶೆಡ್ಡಿನೊಳಗೆ ಎಂಟು ಪವರ್‌ಲೂಮ್. ಇಲ್ಲಿ ಅದಕ್ಕೆ ತರಿ ಎನ್ನುತ್ತಾರೆ.

ಮದುವೆಯಾದ ಮೊದಲ ವಾರ ನಾನು ಅತ್ತದ್ದೇ ಅತ್ತದ್ದು. ಈ ಮನೆಯಲ್ಲಿ ಎಲ್ಲರಿಗೂ ನನ್ನ ಮೇಲೆ ಕೋಪ ಎಂದುಕೊಂಡಿದ್ದೆ. ಊಟಕ್ಕೆ ಬಾ ಎನ್ನುವುದನ್ನೂ ಬಾವಿಗೆ ಬಿದ್ದವರನ್ನು ಕರೆದ ಹಾಗೆ ಕೂಗುತ್ತಿದ್ದರು. ಅಪ್ಪನಿಗೆ ಕಾಗದ ಬರೆದೆ, 'ಇವರು ದಿನವೆಲ್ಲ ಕಿರುಚುತ್ತಾರೆ, ಬಂದು ಕರೆದುಕೊಂಡು ಹೋಗಿ' ಎಂದು. ಅಂಚೆಗೆ ಹಾಕು ಎಂದು ಗಂಡನ ಕೈಗೇ ಕೊಟ್ಟೆ. ಓದಲು ಬಂದರೆ ತಾನೇ ಭಯ! ಅಪ್ಪ ಓಡೋಡಿ ಬಂದರು. ಜಗಲಿಯಲ್ಲಿ ಕೂತು ನಮ್ಮತ್ತೆ "ನೀರು ಬೇಕಾಂಗಾ?" ಎಂದು ಅರಚಿದ್ದನ್ನು ಕೇಳಿ, ನನ್ನನ್ನು ಪಕ್ಕಕ್ಕೆ ಕರೆದು, "ಬೈತಾ ಇಲ್ಲ ಕಣವ್ವಾ. ಪಾಪ, ಕಿವಿ ಕೇಳಲ್ಲ" ಎಂದು ನಕ್ಕರು. ನಾನೂ ನಕ್ಕೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಆರು ತಿಂಗಳಲ್ಲಿ ನಾನೂ ಕಲಿತೆ. ಶೆಡ್ಡಿನೊಳಗೆ ಮಾತು ಎಂದರೆ ತುಟಿ ಮತ್ತು ಬೆರಳು. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಕಡಿದಿದೆ, ಹೆಬ್ಬೆರಳು ಬಾಯಿಗಿಟ್ಟರೆ ಟೀ ಬಂದಿದೆ. ಈ ಮೂಲೆಯಲ್ಲಿ ನಿಂತು ಆ ಮೂಲೆಯವಳ ಜೊತೆ ಊರಿನ ಚಾಡಿಯೆಲ್ಲ ಒಂದು ಸದ್ದಿಲ್ಲದೆ ಆಡುತ್ತಿದ್ದೆವು. ನನಗೆ ಅದೊಂದು ಜಂಬ. ಸಂಜೆ ತರಿ ನಿಲ್ಲಿಸಿ ಬಂದರೆ ಕಿವಿಯೊಳಗೆ ಜೀಂ ಎಂದು ಹುಳ ಕೂತ ಹಾಗೆ. ಕಂದಾ ಎನ್ನುವುದಕ್ಕೆ ಕಣ್ಣು ಎನ್ನುತ್ತಿದ್ದ ಅತ್ತೆ, "ಅದು ತರಿ ಒಳಗ್ ಬಂದು ಕೂತಿದೆ ಕಣ್ಣು, ಬೆಳಗಾದ್ರೆ ತಾನಾ ಹೋಗಿಬಿಡುತ್ತೆ" ಎನ್ನುತ್ತಿದ್ದರು. ಬೆಳಗಾದರೆ ಹೋಗುತ್ತಲೂ ಇತ್ತು. ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ಹೋಗಲಿಲ್ಲ, ಅಲ್ಲೇ ಉಳಿಯಿತು. ಅದು ಕಿವಿ ಕೊಟ್ಟ ಎಚ್ಚರಿಕೆ ಎಂದು ನಮಗೆ ಹೇಳಿದವರಿಲ್ಲ, ಹೇಳಿದ್ದರೂ ಕೇಳುತ್ತಿದ್ದೆವೋ ಇಲ್ಲವೋ.

ಮಗಳು ಹುಟ್ಟಿ ಮೂರು ತಿಂಗಳಿಗೆ ನಾನು ಮತ್ತೆ ತರಿಗೆ ನಿಂತೆ. ಮಗುವಿನ ಸೀರೆಯ ಜೋಲಿ ಶೆಡ್ಡಿನ ತೊಲೆಗೇ ಕಟ್ಟುವುದು ಈ ಮನೆಯ ಪದ್ಧತಿ. ತೊಲೆಗೆ ಕಬ್ಬಿಣದ ಕೊಂಡಿ ಒಂದು ಇತ್ತು, ನನ್ನ ಗಂಡನೂ ಅದರಲ್ಲೇ ತೂಗಿ ಬೆಳೆದವರು. "ನಮ್ಮ ಕೊಳಂದೆಗೆ ತರಿ ಸತ್ತಾನೇ ತಾಲಾಟ್ಟು" ಎಂದರು ಅತ್ತೆ. ನಮ್ಮ ಮಕ್ಕಳಿಗೆ ಮಗ್ಗದ ಸದ್ದೇ ಜೋಗುಳ ಎಂದು. ಕೈಮಗ್ಗದ ಮನೆಯವಳಾದ ನನಗೆ ಒಂದು ಗಳಿಗೆ ಮನಸ್ಸು ಒಪ್ಪಲಿಲ್ಲ. ಇಷ್ಟು ಸದ್ದು, ಇಷ್ಟು ಎಳೆ ಕಿವಿ. ಅತ್ತೆ ಅದಕ್ಕೂ ದಾರಿ ಹೇಳಿದರು, ಹತ್ತಿ.

ನೂಲಿನವರಿಗೆ ಹತ್ತಿಯ ಮೇಲೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ಗಾಯಕ್ಕೆ ಹತ್ತಿ, ದೀಪಕ್ಕೆ ಹತ್ತಿ, ಸತ್ತವರ ಮೂಗಿಗೆ ಹತ್ತಿ. ತರಿಯವರೆಲ್ಲ ನೆಲದ ಮೇಲಿನ ಹತ್ತಿಯ ಎಳೆ ಎತ್ತಿ ಕಿವಿಗೆ ತುರುಕಿಕೊಂಡೇ ಕೆಲಸ ಮಾಡುತ್ತಿದ್ದದ್ದು. ನಾನು ಮಗಳಿಗೆ ಒಳ್ಳೆಯ ಹತ್ತಿಯನ್ನೇ ಆರಿಸಿ, ದೀಪದ ಬತ್ತಿಯ ಹಾಗೆ ಹೊಸೆದು, ಕಾಂಗೇಯದಿಂದ ತರಿಸಿದ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ದಿನಾ ಬೆಳಿಗ್ಗೆ ಎರಡು ಕಿವಿಗೂ ಇಡುತ್ತಿದ್ದೆ. ಬೇರೆ ಹೆಂಗಸರು ಇಷ್ಟೂ ಮಾಡುತ್ತಿರಲಿಲ್ಲ. ನನ್ನಂಥ ತಾಯಿ ಯಾರಿದ್ದಾರೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

ಜೋಲಿ ಆಳವಾಗಿತ್ತು, ಸೀರೆಯ ಮಡಿಕೆಯೊಳಗೆ ಮಗುವಿನ ಮುಖ ಕಾಣುತ್ತಿರಲಿಲ್ಲ. ಜೋಲಿಗೆ ಕಟ್ಟಿದ ಹಗ್ಗವನ್ನು ಓಡಾಡುವಾಗ ಒಂದು ಸಲ ಎಳೆದು ಬಿಡುತ್ತಿದ್ದೆ. ಮಗಳು ಗಂಟೆಗಟ್ಟಲೆ ಮಲಗುತ್ತಿದ್ದಳು. ಕರೆಂಟ್ ಹೋಯಿತೆಂದರೆ ಮಾತ್ರ ಎಂಟು ತರಿಯೂ ಒಟ್ಟಿಗೆ ನಿಲ್ಲುತ್ತಿದ್ದವು. ಆ ಮೌನದಲ್ಲಿ ಮೊದಲು ಕೇಳುತ್ತಿದ್ದದ್ದು ಅವಳ ಅಳು. ಎತ್ತಿಕೊಂಡರೆ ಮುಖ ಕೆಂಪು, ಗಂಟಲು ಕಟ್ಟಿದ ದನಿ. ಹತ್ತಿಯ ಧೂಳು ಎಂದು ಅತ್ತೆ ತುಳಸಿ ರಸ ಹಿಂಡುತ್ತಿದ್ದರು. "ತರಿ ನಿಂತ್ರೆ ಎದ್ದುಬಿಡ್ತಾಳೆ ನೋಡು! ನೇಯೋರ ಮನೆ ಮಗಳು ಅಂದ್ರೆ ಇದು!" ಎಂದು ಬೀದಿಯವರೆಲ್ಲ ನಗುತ್ತಿದ್ದರು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದೆ. ಅವರೂ ನಕ್ಕರು. ಅವಳೂ ತಟ್ಟೆ ಹಿಡಿದುಕೊಂಡು ನಕ್ಕಳು.

ನನ್ನ ಕಿವುಡು ನನಗೆ ಗೊತ್ತಾದದ್ದು ಕೊರೋನಾ ಕಾಲದಲ್ಲಿ. ಎಲ್ಲರೂ ಮಾಸ್ಕ್ ಹಾಕಿಕೊಂಡ ದಿನವೇ ನಮ್ಮ ಬೀದಿಗೆ ಬೀದಿಯೇ ಕಿವುಡಾಯಿತು. ತುಟಿ ಕಾಣದೆ ಯಾರು ಏನು ಅಂದರೂ "ಆಂ?" "ಆಂ?" ಎನ್ನುವುದೇ. ರೇಷನ್ ಅಂಗಡಿಯವನು ಬೇಸತ್ತು ಮಾಸ್ಕ್ ಇಳಿಸಿ ಮಾತಾಡುತ್ತಿದ್ದ. ಆಗ ಮಗಳೂ ಮನೆಯಲ್ಲೇ ಇದ್ದಳು, ಅವಳೂ "ಆಂ?" ಅನ್ನುತ್ತಿದ್ದಳು. ನಮ್ಮನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡು ಒಂದು ಸಲ ತಲೆಗೆ ಮೊಟಕಿದ್ದೆ.

ಥರ್ಮಾಮೀಟರಿನ ಜಗಳವಾಗಿ ಹತ್ತು ದಿನಕ್ಕೆ ಕೊಯಮತ್ತೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆವು. ಗಾಜಿನ ಪುಟ್ಟ ಕೋಣೆಯೊಳಗೆ ಮಗಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದರೆ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ನಮ್ಮ ಮಗಳ ವಯಸ್ಸಿನವಳು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ಕೂತಿದ್ದೆ. ಆ ಸದ್ದುಗಳು ನನಗೂ ಕೇಳವು, ಆದರೆ ಕಣ್ಣಿದೆಯಲ್ಲ. ಮೊದಮೊದಲು ಮಗಳ ಹೆಬ್ಬೆರಳು ಚಕಚಕ ಒತ್ತುತ್ತಿತ್ತು. ಆಮೇಲೆ ಆ ಹುಡುಗಿ ತಿರುಪನ್ನು ತಿರುಗಿಸುತ್ತಾಳೆ, ಇನ್ನೂ ತಿರುಗಿಸುತ್ತಾಳೆ, ಮಗಳ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿದೆ. ಒತ್ತೇ ತಾಯಿ, ಒತ್ತೇ ಎಂದು ನಾನು ಬಾಯಿಬಿಟ್ಟೇ ಹೇಳಿದೆ.

ಕೊನೆಗೆ ಮಾತಿನ ಪರೀಕ್ಷೆ. ಆ ಹುಡುಗಿ ಒಂದೊಂದು ತಮಿಳು ಪದ ಹೇಳುವುದು, ಮಗಳು ತಿರುಗಿ ಹೇಳುವುದು. ಎಲ್ಲವನ್ನೂ ಸರಿಯಾಗಿ ಹೇಳಿದಳು. ಹುಡುಗಿಗೆ ಅನುಮಾನ ಬಂದಿರಬೇಕು, ಒಂದು ರಟ್ಟು ತೆಗೆದು ತನ್ನ ಬಾಯಿಗೆ ಅಡ್ಡ ಹಿಡಿದಳು. ಮಗಳು ಒಂದು ಪದ ಹೇಳಿದಳು, ಒಂದು ಬಿಟ್ಟಳು, ಮತ್ತೆ ಎರಡು ಬಿಟ್ಟಳು. ಗಾಜಿನ ಆಚೆಯಿಂದ ನನ್ನ ಕಡೆ ತಿರುಗಿ ನೋಡಿದಳು. ಶಾಲೆಗೆ ಮೊದಲ ದಿನ ಬಿಟ್ಟು ಬಂದಾಗ ನೋಡಿದ್ದಳಲ್ಲ, ಅದೇ ನೋಟ. ತುಟಿ ನೋಡಿ ಮಾತು ತಿಳಿಯುವುದನ್ನು ನನ್ನಿಂದ, ಅವಳಪ್ಪನಿಂದ, ಯಾರೂ ಕಲಿಸದೆ ಕಲಿತಿದ್ದಳು. ಕಲಿತದ್ದು ಅವಳಿಗೂ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಆ ಹುಡುಗಿ ಕಾಗದದ ಮೇಲಿನ ಗೆರೆ ತೋರಿಸಿದಳು. ಗೆರೆ ಚೆನ್ನಾಗಿಯೇ ಬಂದು ಒಂದು ಕಡೆ ಗುಂಡಿಗೆ ಬಿದ್ದಿತ್ತು.

"ಈ ಗುಂಡಿ ಸದ್ದಿನಲ್ಲಿ ಕೆಲಸ ಮಾಡೋರಿಗೆ ಬರೋದು. ಎಷ್ಟು ವರ್ಷ ತರಿ ಓಡಿಸಿದ್ದೀರಿ?"

"ನಾನು ಓಡಿಸಿಯೇ ಇಲ್ಲ" ಎಂದಳು ಮಗಳು.

"ಕಿವಿಯಲ್ಲಿ ಇಯರ್‌ಫೋನ್ ಹಾಕ್ಕೊಂಡೇ ಇರ್ತೀರಾ? ಜೋರಾಗಿ ಹಾಡು?"

"ಇಲ್ಲ."

"ಮನೆ?"

"ಶೆಡ್ಡಿನ ಪಕ್ಕ. ಹುಟ್ಟಿದಾಗಿನಿಂದ."

ಇಂಥದ್ದರಿಂದಲೇ ಬಂತು ಎಂದು ಖಂಡಿತವಾಗಿ ಹೇಳಲಾಗದು, ಆದರೆ ಚಿಕ್ಕಂದಿನಿಂದ ಅಷ್ಟು ಸದ್ದಿನಲ್ಲಿದ್ದರೆ ಹೀಗಾಗಬಹುದು ಎಂದಳು. ಕಿವಿಯ ಒಳಗೆ ಟರ್ಕಿ ಟವೆಲ್ಲಿನ ಎಳೆಗಳ ಹಾಗೆ ಸಣ್ಣ ಸಣ್ಣ ಕೂದಲುಗಳಿರುತ್ತವಂತೆ. ಜೋರು ಸದ್ದಿಗೆ ಮೊದಲು ಮಲಗಿ ಏಳುತ್ತವೆ, ದಿನಾ ಅದೇ ಆದರೆ ಏಳುವುದಿಲ್ಲ. ಹಳೆಯ ಟವೆಲ್ ಸವೆದ ಹಾಗೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಯಾವ ಮಾತ್ರೆಯೂ ಇಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಷ್ಟೇ.

ನಾನು ಬೇರೆ ಯಾರದೋ ವಿಷಯ ಎನ್ನುವ ಹಾಗೆ ಕೇಳಿದೆ. "ಹತ್ತಿ ಇಟ್ಕೊಂಡ್ರೆ?"

"ಹತ್ತಿ ಗಾಳಿ ತಡೆಯುತ್ತಮ್ಮಾ, ಈ ಸದ್ದನ್ನ ತಡೆಯಲ್ಲ. ಬಾಗಿಲಿಗೆ ಹಳೇ ಸೀರೆ ಕಟ್ಟಿ ಬೀಗ ಹಾಕ್ದೆ ಅಂದಂಗೆ."

ಅವಳು ಮೆತ್ತನೆಯ ಹಳದಿ ಬೆಣೆ ಒಂದನ್ನು ತೆಗೆದು, ಬೆರಳ ನಡುವೆ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯುವುದನ್ನು ತೋರಿಸಿದಳು. ಶೆಡ್ಡಿನಲ್ಲಿರುವವರೆಲ್ಲ ಇದನ್ನೋ, ಕಿವಿ ಮುಚ್ಚುವ ಬಟ್ಟಲನ್ನೋ ಹಾಕಿಕೊಳ್ಳಬೇಕು, ನಡುನಡುವೆ ಹೊರಗೆ ಬಂದು ಕಿವಿಗೆ ಬಿಡುವು ಕೊಡಬೇಕು, ವರ್ಷಕ್ಕೊಂದು ಸಲ ಪರೀಕ್ಷೆ ಮಾಡಿಸಬೇಕು ಎಂದಳು. ಮಗುವಿಗೆ ಯಾವ ಬೆಣೆ ಎಂದು ಮಗಳು ಕೇಳಿದಳು. "ಇಷ್ಟು ಸಣ್ಣ ಕೂಸಿಗೆ ಇದನ್ನ ಇಡಬಾರದು. ಇದಕ್ಕೆ ಒಂದೇ ಔಷಧಿ, ದೂರ" ಎಂದು ಮಗುವಿನ ಕೆನ್ನೆ ಮುಟ್ಟಿದಳು. ನನ್ನ ತೊಡೆಯ ಮೇಲಿದ್ದ ಮಗುವನ್ನು ನಾನು ಯಾಕೋ ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಕಿವಿಯನ್ನೂ ನೋಡಿ, ಎರಡಕ್ಕೂ ಮೆಷಿನ್ ಬೇಕು ಎಂದಳು. ನನಗೆ ರೇಗಿತು. "ನನಗ್ಯಾತಕ್ಕೆ? ನಾನು ಬಾಯಿ ನೋಡಿ ಎಲ್ಲಾ ತಿಳ್ಕೋತೀನಿ." "ಬೆನ್ನ ಹಿಂದೆ ಈ ಮಗು ಅತ್ರೆ?" ಎಂದಳು ಆ ಹುಡುಗಿ ಮೆಲ್ಲಗೆ. ಕಿವುಡನ ಮುಂದೆ ಶಂಖ ಊದಿದಂತೆ ಎನ್ನುತ್ತಾರಲ್ಲ, ಹಾಗೆ ನಾನು ಚೀಲ ಎತ್ತಿಕೊಂಡು ಎದ್ದೆ.

ಮೂರನೆಯ ದಿನ ಭಾನುವಾರ, ತರಿಗೆ ರಜೆ. ಮಗುವಿಗೆ ಎಣ್ಣೆ ನೀರು ಹಾಕಿ ಮಲಗಿಸಿ ಇಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಮಗಳು ನನ್ನ ಎದುರಿಗೆ, ನನ್ನ ಮುಖ ಕಾಣುವ ಹಾಗೆ ಕೂತಳು. ಯಾವಾಗಲೂ ಹಾಗೇ ಕೂರುತ್ತಿದ್ದಳು, ಅದು ನನಗೆ ತಿಳಿದದ್ದು ಅವತ್ತು.

"ಆ ಹುಡುಗಿ ಹತ್ರ ಹತ್ತಿ ವಿಷಯ ಯಾಕಮ್ಮಾ ಕೇಳ್ದೆ?"

ಏನೇನೋ ಹೇಳಿ ಜಾರಿಕೊಳ್ಳಬಹುದಿತ್ತು. ಹೇಳಿದರೆ ಮಗುವನ್ನು ಇಲ್ಲಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವಳು ಅವಳು. ಅದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಕೊಂಡಿ ಹೇಳಿದೆ, ಜೋಲಿ ಹೇಳಿದೆ, ಎಣ್ಣೆಯಲ್ಲಿ ಅದ್ದಿದ ಬತ್ತಿ ಹೇಳಿದೆ. ಜೋಲಿ ಕಟ್ಟುತ್ತಿದ್ದದ್ದು ಶೆಡ್ಡಿನಲ್ಲಿ ಎಂದು ಅವಳಿಗೆ ಗೊತ್ತಿತ್ತು, ಎಷ್ಟು ಹೊತ್ತು, ಎಷ್ಟು ತಿಂಗಳು ಎಂದು ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯ ತನಕ, ನೀನು ಜೋಲಿಯಿಂದ ಕಾಲು ಹೊರಗೆ ಹಾಕುವ ತನಕ ಎಂದೆ. ಸಮಾಧಾನಕ್ಕೆ ಎಂದು ಹಳೆಯ ಕಥೆಯನ್ನೇ ಕೊನೆಗೆ ಸೇರಿಸಿದೆ.

"ಆದ್ರೆ ನೀನು ಹಾಯಾಗಿ ಮಲಗ್ತಿದ್ದೆ ಕಣ್ಣು. ಕರೆಂಟ್ ಹೋದ್ರೆ ಮಾತ್ರ ಎದ್ದು ಅಳ್ತಿದ್ದೆ."

ನೂರು ಸಲ ಕೇಳಿ ನಕ್ಕಿದ್ದ ಕಥೆ. ಅವತ್ತು ನಗಲಿಲ್ಲ.

"ಗಂಟಲು ಕಟ್ಟಿರ್ತಿತ್ತು ಅಂತೀಯಲ್ಲಮ್ಮಾ?"

"ಹೂಂ, ಧೂಳಿಗೆ."

"ಆಗ ತಾನೇ ಎದ್ದ ಮಗೂಗೆ ಗಂಟಲು ಕಟ್ಟುತ್ತಾ? ಕರೆಂಟ್ ಹೋದ್ಮೇಲೆ ಅಳ್ತಿದ್ನಾ, ಇಲ್ಲ ಮೊದಲಿಂದ್ಲೇ ಅಳ್ತಾ ಇದ್ದು, ತರಿ ನಿಂತಾಗಷ್ಟೇ ನಿಮ್ಗೆ ಕೇಳಿಸ್ತಿತ್ತಾ?"

ಅಯ್ಯೋ ಶಿವನೇ. ಇಪ್ಪತ್ತೇಳು ವರ್ಷ ಈ ಕಥೆ ಹೇಳಿದ್ದೇನೆ, ಒಂದು ದಿನವೂ ಈ ಕಡೆಯಿಂದ ಯೋಚಿಸಿರಲಿಲ್ಲ. ಆ ಎಂಟು ತರಿಯ ನಡುವೆ ಮಗು ಪ್ರಾಣ ಹೋಗುವ ಹಾಗೆ ಅತ್ತರೂ ಯಾರಿಗೆ ಕೇಳುತ್ತದೆ? ಮುಖವೂ ಕಾಣದ ಜೋಲಿ. ಅಳೋ ಮಗುವಿಗೆ ಹಾಲು ಎನ್ನುತ್ತಾರೆ. ನನ್ನ ಮಗು ಅತ್ತು ಅತ್ತು ಸೋತು ಮಲಗಿತ್ತೋ, ಹಾಯಾಗಿ ಮಲಗಿತ್ತೋ? ನನಗೆ ಗೊತ್ತಿಲ್ಲ. ನಾನು ಹಗ್ಗ ಎಳೆದು ಎಳೆದು ಹೋಗುತ್ತಿದ್ದೆ, ಅಷ್ಟೇ ಗೊತ್ತು.

ಗೊತ್ತಿಲ್ಲ ಎನ್ನುವ ಬದಲು ನಾನು ಕೂಗಾಡಿದೆ. "ಹಂಗಾದ್ರೆ ನಾನೇನು ರಾಕ್ಷಸೀನಾ? ಮಗು ಅಳೋದು ಕೇಳ್ಕೊಂಡು ನಿಂತಿದ್ನಾ?"

"ನಾನು ಹಂಗೆ ಹೇಳ್ಲಿಲ್ಲಮ್ಮಾ. ಸುಮ್ನೆ ಕೇಳ್ದೆ" ಎಂದು ಎದ್ದು ಒಳಗೆ ಹೋದಳು. ಮಗುವಿನ ಬಟ್ಟೆ ಮಡಿಸುವುದಕ್ಕೆ ಶುರು ಮಾಡಿದಳು. ಇನ್ನೂ ಒಂದೂವರೆ ತಿಂಗಳು ರಜೆ ಇತ್ತು.

ನನ್ನ ಗಂಡ ಬಂದು ವಿಷಯ ತಿಳಿದು, "ನಮ್ಮ ಮನೆ ಮಕ್ಕಳೆಲ್ಲಾ ಇಲ್ಲೇ ತಾನೇ ಬೆಳೆದದ್ದು?" ಎಂದರು. ಎಂದರೇನು, ಎಂದಿನ ಹಾಗೆ ಅರಚಿದರು. "ಅದಕ್ಕೇ ರೀ ಹೇಳ್ತಿರೋದು!" ಎಂದು ನಾನೂ ಅರಚಿದೆ. ಮಗಳು ಕೋಣೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಬಾಯನ್ನೂ ನೋಡುತ್ತಿದ್ದಳು. ಮಾರನೆಯ ದಿನ ಅಳಿಯ ಬಂದು ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದ. ಆಟೋ ಹತ್ತುವಾಗ ಮಗಳು ನನ್ನ ಕೈ ಹಿಡಿದು, "ರಜೆ ಮುಗಿದ್ಮೇಲೆ ನೀನೇ ಅಲ್ಲಿಗೆ ಬಾಮ್ಮಾ. ಆದ್ರೆ ಮೆಷಿನ್ ಹಾಕ್ಕೊಂಡು ಬಾ. ಇಲ್ದಿದ್ರೆ ಬೇಡ" ಎಂದಳು. ಹೆತ್ತ ಮಗಳು ನನಗೆ ಷರತ್ತು ಹಾಕಿದಳು. ಹಾಕಬೇಕಾದ್ದೇ.

ಅವತ್ತೇ ಶೆಡ್ಡಿನ ತೊಲೆಯ ಕೊಂಡಿ ಕೊಯ್ಯಿಸಿದೆ. ಕಬ್ಬಿಣ ಏನು ಮಾಡಿತು ಪಾಪ ಎಂದರು ಗಂಡ. ಮಗಳು ಅವರಿಗೆ ಕೆಂಪು ಬಟ್ಟಲಿನ ಕಿವಿಮುಚ್ಚಳ ಕಳಿಸಿಕೊಟ್ಟಳು. ಒಂದು ತಿಂಗಳು ಅದನ್ನು ಹೂವಿನ ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಓಡಾಡಿದರು. ಲಾಳಿ ತಪ್ಪಿ ಬಡಿಯುವ ಸದ್ದು ಕೇಳದಿದ್ದರೆ ಹಾಸಿನ ಎಳೆಗಳೆಲ್ಲ ಹರಿದುಹೋಗುತ್ತವೆ ಎಂಬ ಭಯ. ಹಾಕಿ ನೋಡಿದ ಮೇಲೆ ಗೊತ್ತಾಯಿತು, ಆ ಬಡಿತ ಬಟ್ಟಲಿನೊಳಗೂ ಕೇಳುತ್ತದೆ, ಇಲ್ಲದಿದ್ದರೆ ಚೌಕಟ್ಟಿನ ಮೇಲಿಟ್ಟ ಅಂಗೈಗೆ ತಿಳಿಯುತ್ತದೆ. ಈಗ ಹಾಕಿಕೊಳ್ಳುತ್ತಾರೆ. ಬೈದುಕೊಂಡೇ ಹಾಕಿಕೊಳ್ಳುತ್ತಾರೆ.

ನಾನು ಮೆಷಿನ್ ಹಾಕಿಸಿಕೊಂಡೆ. ಮೊದಲ ವಾರ ಹುಚ್ಚು ಹಿಡಿಯುವುದೊಂದು ಬಾಕಿ. ಪ್ಲಾಸ್ಟಿಕ್ ಚೀಲ ಮುಟ್ಟಿದರೆ ತಗಡು ಹರಿದ ಹಾಗೆ, ನನ್ನ ಚಪ್ಪಲಿಯೇ ನನ್ನನ್ನು ಅಟ್ಟಿಸಿಕೊಂಡು ಬಂದ ಹಾಗೆ. ಕಿತ್ತು ಬಿಸಾಡೋಣ ಎನ್ನಿಸಿದಾಗಲೆಲ್ಲ ಮಗಳ ಷರತ್ತು ನೆನಪಾಗುತ್ತಿತ್ತು. ಅವಳ ರಜೆ ಮುಗಿಯುವ ಹೊತ್ತಿಗೆ ತಿರುಪ್ಪೂರಿನ ಅವಳ ಬಾಡಿಗೆ ಮನೆಗೆ ಹೋದೆ. ಸೋಮವಾರದಿಂದ ಶನಿವಾರದ ತನಕ ಅಲ್ಲಿ, ಭಾನುವಾರ ಊರಲ್ಲಿ.

ಒಂದು ಮಧ್ಯಾಹ್ನ ಮಗು ಮಲಗಿತ್ತು. ಅಲ್ಲೂ ಜೋಲಿಯೇ, ಆದರೆ ಮುಖ ಕಾಣುವ ಹಾಗೆ ಒಂದು ಕೋಲು ಅಡ್ಡ ಕೊಟ್ಟು ಅಗಲಿಸಿ ಕಟ್ಟಿದ್ದೆ. ನಾನು ಬೆಳ್ಳುಳ್ಳಿ ಸುಲಿಯುತ್ತಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಫ್ಯಾನ್ ನಿಂತಿತು. ಕರೆಂಟ್ ಹೋಗಿತ್ತು. ನನ್ನ ಕೈ ತಾನಾಗಿ ನಿಂತಿತು. ಬೆಳ್ಳುಳ್ಳಿ ಸಿಪ್ಪೆ ನೆಲದ ಮೇಲೆ ಸರಿದದ್ದೂ ಕೇಳಿಸಿತು, ಮಗುವಿನ ಉಸಿರೂ ಕೇಳಿಸಿತು. ಅಳು ಇರಲಿಲ್ಲ. ಆಮೇಲೆ ಸೆಕೆಗೆ ಒಂದು ಸಲ ಮುಲುಗಿತು. ಆಮೇಲೆ ಅತ್ತಿತು. ಬಾಯಿ ಪೂರ್ತಿ ತೆರೆಯುವುದರೊಳಗೆ ನಾನು ಎತ್ತಿಕೊಂಡಿದ್ದೆ. ಗಂಟಲು ಕಟ್ಟಿರಲಿಲ್ಲ.

ಸಂಜೆ ಮಗಳು ಕೆಲಸದಿಂದ ಬಂದವಳು ಚೀಲ ಇಳಿಸುತ್ತಾ ದಿನಾ ಕೇಳುವುದನ್ನೇ ಕೇಳಿದಳು.

"ಅತ್ತಳಾ?"

"ಒಂದು ಸಲ. ಕರೆಂಟ್ ಹೋದ ಮೇಲೆ. ಅದಕ್ಕೆ ಮೊದಲು ಅಳ್ತಿರಲಿಲ್ಲ."

"ಚೆನ್ನಾಗ್ ಗೊತ್ತಾ?"

"ಗೊತ್ತು ಕಣ್ಣು. ಕೇಳ್ತಾ ಕೂತಿದ್ದೆ." ಆಮೇಲೆ ಜಗಲಿಯಲ್ಲಿ ಅವತ್ತು ಹೇಳಬೇಕಿದ್ದನ್ನು ಹೇಳಿದೆ. "ನಿಂದು ನನಗೆ ಗೊತ್ತಿಲ್ಲ."

ಅವಳು ನನ್ನ ತುಟಿಯನ್ನಲ್ಲ, ಕಣ್ಣನ್ನು ನೋಡಿದಳು. ಮುಖ ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಲ್ಲಿ ಬಹಳ ಹೊತ್ತು ಸುರಿಯಿತು. ಆ ನೀರಿನ ಸದ್ದಿನ ಕೆಳಗೆ ಇನ್ನೊಂದು ಸಣ್ಣ ಸದ್ದು ಇತ್ತು. ಅದೂ ನನಗೆ ಕೇಳಿಸಿತು. ಈ ಸಲ ನಾನು ಎದ್ದು ಹೋಗಿ ಬಾಗಿಲು ತಟ್ಟಿದೆ.